ಹೂಡಿಕೆ ಕ್ಲಬ್ಬಿಗೆ ಬೇರೆ ಬ್ರೋಕರೇಜ್ ಖಾತೆ ಬೇಕೇ? ತೆರೆಯುವುದು ಹೇಗೆ?

ಅಮೆರಿಕದಲ್ಲಿರುವ ನೀವು ಹನ್ನೊಂದು ಮಂದಿ ಪ್ರತಿ ತಿಂಗಳೂ ಹಣ ಸೇರಿಸಿ ಒಟ್ಟಾಗಿ ಷೇರು ಕೊಳ್ಳಬೇಕೆಂದಿದ್ದೀರಿ. ಎರಡು ತಿಂಗಳ ಹಣ ಆಗಲೇ ಒಬ್ಬರ ಬಳಿ ಸೇರಿದೆ. ಅವರ ಬ್ರೋಕರೇಜ್ ಖಾತೆಯಲ್ಲೇ, ಅಂದರೆ ಷೇರು ಕೊಂಡು ಮಾರುವ ಖಾತೆಯಲ್ಲೇ, ವ್ಯವಹಾರ ನಡೆಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಇಂಥದೇ ಒಂದು ಕ್ಲಬ್ಬಿನಲ್ಲಿ ನಾನು ಆರು ವರ್ಷ ಖಜಾಂಚಿಯಾಗಿದ್ದೆ. ಮೊದಲ ವರ್ಷ ನಾವೂ ಒಬ್ಬ ಗೆಳೆಯರ ಖಾತೆಯನ್ನೇ ಬಳಸಿದ್ದೆವು.

ಖಾತೆ ಯಾರ ಹೆಸರಿನಲ್ಲಿದೆಯೋ ಅದರಲ್ಲಿರುವ ಹಣ ಅವರದೇ ಎಂದು ಹೊರಗಿನವರೆಲ್ಲರೂ ಭಾವಿಸುತ್ತಾರೆ. ನಮ್ಮ ಕ್ಲಬ್ಬಿನ ಡಿವಿಡೆಂಡ್ (ಕಂಪನಿಗಳು ಹಂಚುವ ಲಾಭಾಂಶ) ಮತ್ತು ಮಾರಾಟದ ಲಾಭವೆಲ್ಲವೂ ಬ್ರೋಕರ್ ತೆರಿಗೆ ಇಲಾಖೆಗೆ ಕಳಿಸುವ ಫಾರ್ಮ್ 1099ರಲ್ಲಿ ಆ ಗೆಳೆಯರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೆಳಗೆ ವರದಿಯಾಯಿತು. ಉಳಿದವರ ಪಾಲನ್ನು ಬಿಡಿಸಿ ತೋರಿಸಲು ಅವರು ಪಟ್ಟ ಪಾಡು ನನಗೆ ಇಂದಿಗೂ ನೋವಿನ ನೆನಪು. ತೆರಿಗೆಯ ತೊಡಕು ಹೇಗೋ ಬಗೆಹರಿಯಿತು. ಆದರೆ ಖಾತೆದಾರರು ತೀರಿಕೊಂಡರೆ ಹಣ ಅವರ ಆಸ್ತಿಯೊಂದಿಗೆ ಸೇರಿಹೋಗುತ್ತದೆ. ಅವರು ಸಾಲದಲ್ಲಿ ಸಿಲುಕಿದರೆ ಸಾಲ ಕೊಟ್ಟವರು ಆ ಖಾತೆಗೆ ಕೈಹಾಕಬಹುದು. ವಿಚ್ಛೇದನವಾದರೆ ನಿಮ್ಮೆಲ್ಲರ ಉಳಿತಾಯವೂ ನ್ಯಾಯಾಲಯದ ಲೆಕ್ಕಕ್ಕೆ ಬರಬಹುದು. ಇಬ್ಬರು ಮೂವರ ಹೆಸರಿನ ಜಂಟಿ ಖಾತೆಯೂ ಇದಕ್ಕೆ ಪರಿಹಾರವಲ್ಲ, ಏಕೆಂದರೆ ಸಾಮಾನ್ಯ ಬಗೆಯ ಜಂಟಿ ಖಾತೆಯಲ್ಲಿ ಒಬ್ಬರು ತೀರಿಕೊಂಡಾಗ ಅವರ ಪಾಲು ವಾರಸುದಾರರಿಗೆ ಹೋಗದೆ ಬದುಕಿರುವ ಖಾತೆದಾರರಿಗೆ ಸೇರುತ್ತದೆ.

ಆದ್ದರಿಂದ ಮೊದಲು ಆಗಬೇಕಾದದ್ದು ಖಾತೆಯಲ್ಲ, ಪಾಲುದಾರಿಕೆ ಒಪ್ಪಂದ. ಅಮೆರಿಕದ ಹೆಚ್ಚಿನ ಕ್ಲಬ್ಬುಗಳು ಸಾಮಾನ್ಯ ಪಾಲುದಾರಿಕೆಯಾಗಿ ನಡೆಯುತ್ತವೆ. ಕೆಲವು ಎಲ್‌ಎಲ್‌ಸಿಯಾಗಿ, ಅಂದರೆ ಸದಸ್ಯರ ಹೊಣೆ ಸೀಮಿತವಾಗಿರುವ ಸಂಸ್ಥೆಯಾಗಿ, ನೋಂದಾಯಿಸಿಕೊಳ್ಳುತ್ತವೆ. ಕ್ಲಬ್ಬುಗಳಿಗೆ ನೆರವಾಗಲೆಂದು 1951ರಲ್ಲಿ ಹುಟ್ಟಿದ, ಈಗ ಬೆಟರ್‌ಇನ್ವೆಸ್ಟಿಂಗ್ ಎಂಬ ಹೆಸರಿನಲ್ಲಿರುವ ಸಂಸ್ಥೆಯ ಮಾದರಿ ಒಪ್ಪಂದವನ್ನು ಆಧಾರವಾಗಿಟ್ಟುಕೊಳ್ಳಬಹುದು. ಷೇರು ಕೊಳ್ಳಲು ಎಷ್ಟು ಮತ ಬೇಕು, ಖಾತೆಯಲ್ಲಿ ಆದೇಶ ಕೊಡುವ ಅಧಿಕಾರ ಯಾರಿಗೆ, ಖಜಾಂಚಿ ಬದಲಾದರೆ ಏನು ಮಾಡಬೇಕು, ಬಿಟ್ಟುಹೋಗುವವರಿಗೆ ಎಷ್ಟು ದಿನದೊಳಗೆ ಯಾವ ದಿನದ ಬೆಲೆಯಲ್ಲಿ ಹಣ ಕೊಡಬೇಕು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿ ಇರಲಿ. ಕೊನೆಯದನ್ನು ಸ್ನೇಹದ ದಾಕ್ಷಿಣ್ಯದಿಂದ ಬರೆಯದೆ ಬಿಡುವವರೇ ಹೆಚ್ಚು. ಜಗಳ ಹುಟ್ಟುವುದೂ ಅಲ್ಲಿಯೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸಾಮಾನ್ಯ ಪಾಲುದಾರಿಕೆಯಲ್ಲಿ ಕ್ಲಬ್ಬಿನ ಸಾಲಕ್ಕೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಸ್ವಂತ ಆಸ್ತಿಯಿಂದ ಹೊಣೆಗಾರರಾಗುತ್ತಾರೆ. ಬ್ರೋಕರ್ ಅರ್ಜಿಯಲ್ಲಿ ಮಾರ್ಜಿನ್ (ಷೇರು ಕೊಳ್ಳಲು ಬ್ರೋಕರ್ ಕೊಡುವ ಸಾಲ) ಬೇಕೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಡವೆಂದು ಬರೆಯಿರಿ, ಮತ್ತು ಕ್ಲಬ್ಬು ನಗದು ಖಾತೆಯಲ್ಲಿ ಮಾತ್ರ ವ್ಯವಹರಿಸಬೇಕು, ಸಾಲ ಪಡೆದು ಷೇರು ಕೊಳ್ಳಬಾರದು ಎಂದು ಒಪ್ಪಂದದಲ್ಲೇ ಸೇರಿಸಿ.

ಒಪ್ಪಂದಕ್ಕೆ ಎಲ್ಲರ ಸಹಿ ಬಿದ್ದ ಮೇಲೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಕ್ಲಬ್ಬಿಗೆ ಇಐಎನ್ ಎಂಬ ತೆರಿಗೆ ಗುರುತಿನ ಸಂಖ್ಯೆ ಪಡೆಯಿರಿ. ಅದರ ಅರ್ಜಿ ಎಸ್‌ಎಸ್-4; ಅದಕ್ಕೆ ಶುಲ್ಕವಿಲ್ಲ, ಆದ್ದರಿಂದ ಹಣ ಕೇಳುವ ಮಧ್ಯವರ್ತಿ ಜಾಲತಾಣಗಳ ಬಳಿ ಹೋಗುವ ಅಗತ್ಯವಿಲ್ಲ. ಕ್ಲಬ್ಬಿನ ಹೆಸರು ಒಪ್ಪಂದದಲ್ಲಿ, ಇಐಎನ್ ಪತ್ರದಲ್ಲಿ, ಬ್ರೋಕರ್ ಅರ್ಜಿಯಲ್ಲಿ ಅಕ್ಷರಶಃ ಒಂದೇ ಆಗಿರಬೇಕು. ನಮ್ಮ ಒಪ್ಪಂದದಲ್ಲಿ ಹೆಸರಿನ ಕೊನೆಗಿದ್ದ ಒಂದು ಪದ ಇಐಎನ್ ಪತ್ರದಲ್ಲಿ ಬಿಟ್ಟುಹೋಗಿದ್ದರಿಂದ ಅರ್ಜಿ ಹಿಂದಿರುಗಿತು, ಸಹಿಗಳನ್ನು ಮತ್ತೆ ಸಂಗ್ರಹಿಸಬೇಕಾಯಿತು. ಕ್ಲಬ್ಬಿನಂಥ, ಸದಸ್ಯರ ಸ್ವಂತ ಹೆಸರಲ್ಲದ ‘ಕಾಲ್ಪನಿಕ ಹೆಸರನ್ನು’ ನೋಂದಾಯಿಸಬೇಕೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ ನಿಮ್ಮ ಕೌಂಟಿ ಕಚೇರಿಯಲ್ಲಿ ವಿಚಾರಿಸಿ.

ಎಲ್ಲ ಬ್ರೋಕರ್‌ಗಳೂ ಕ್ಲಬ್ಬುಗಳಿಗೆ ಖಾತೆ ಕೊಡುವುದಿಲ್ಲವಾದ್ದರಿಂದ ಮೊದಲು ಫೋನ್ ಮಾಡಿ, ಹೂಡಿಕೆ ಕ್ಲಬ್ ಖಾತೆ ಅಥವಾ ಪಾಲುದಾರಿಕೆ ಖಾತೆ ಎಂದೇ ಕೇಳಿ. ಒಪ್ಪಂದದ ಪ್ರತಿ, ಇಐಎನ್, ಆದೇಶ ಕೊಡುವ ಅಧಿಕಾರವುಳ್ಳವರ ಹೆಸರು, ಜನ್ಮದಿನಾಂಕ, ವಿಳಾಸ ಮತ್ತು ಗುರುತಿನ ಸಂಖ್ಯೆಯನ್ನು ಅವರು ಕೇಳುತ್ತಾರೆ. ಯಾರದಾದರೂ ಪಾಲು 25 ಶೇಕಡಕ್ಕೆ ಮುಟ್ಟಿದ್ದರೆ ಅವರ ವಿವರವನ್ನೂ ಕೊಡಬೇಕಾಗುತ್ತದೆ. ಆದೇಶ ಕೊಡುವ ಅಧಿಕಾರ ಒಬ್ಬರಿಗಿರಲಿ, ಬದಲಿಗೆ ಇನ್ನೊಬ್ಬರಿರಲಿ. ಆದರೆ ತಿಂಗಳ ಸ್ಟೇಟ್‌ಮೆಂಟ್ ಈ ಇಬ್ಬರಲ್ಲದ ಮೂರನೆಯ ಸದಸ್ಯರಿಗೂ ನೇರವಾಗಿ ತಲುಪಬೇಕು. ಇದು ಅಪನಂಬಿಕೆಯಲ್ಲ. ಖಜಾಂಚಿಯಾಗಿದ್ದ ನನಗೆ ಅದರಿಂದಲೇ ಮನಸ್ಸಿಗೆ ನೆಮ್ಮದಿಯಿತ್ತು. ಬ್ರೋಕರ್ ಸಂಸ್ಥೆಯೇ ಮುಳುಗಿದರೆ ಬ್ರೋಕರ್ ಗ್ರಾಹಕರ ರಕ್ಷಣೆಗೆಂದೇ ಇರುವ ಎಸ್‌ಐಪಿಸಿ ಸಂಸ್ಥೆ ನೀಡುವ 5,00,000 ಡಾಲರ್‌ವರೆಗಿನ ರಕ್ಷಣೆ, ಅದರಲ್ಲಿ ನಗದಿಗೆ 2,50,000 ಡಾಲರ್, ಇಡೀ ಕ್ಲಬ್ಬಿಗೆ ಒಬ್ಬ ಗ್ರಾಹಕರೆಂದು ಲೆಕ್ಕ. ಸದಸ್ಯರಿಗೆ ತಲಾ ಅಷ್ಟೆಂದು ತಿಳಿಯಬೇಡಿ.

ಬ್ರೋಕರ್ ಇಡುವುದು ಕ್ಲಬ್ಬಿನ ಒಟ್ಟು ಲೆಕ್ಕ ಮಾತ್ರ. ಯಾರ ಪಾಲು ಎಷ್ಟು ಎಂಬುದನ್ನು ನೀವೇ ಬರೆದಿಡಬೇಕು. ಅದಕ್ಕೆ ಯೂನಿಟ್ ಪದ್ಧತಿ ಉತ್ತಮ. ನಿಗದಿತ ದಿನದಂದು ಖಾತೆಯ ಮೌಲ್ಯ 12,000 ಡಾಲರ್ ಇದ್ದು 1,000 ಯೂನಿಟ್‌ಗಳಿದ್ದರೆ ಒಂದರ ಬೆಲೆ 12 ಡಾಲರ್. ಅಂದು 60 ಡಾಲರ್ ಕಟ್ಟಿದವರಿಗೆ 5 ಯೂನಿಟ್. ಹೊಸದಾಗಿ ಕಟ್ಟಿದ ಹಣ ಹೀಗೆ ಲಾಭದೊಂದಿಗೆ ಬೆರೆಯುವುದಿಲ್ಲ. ಇಲಿನಾಯ್‌ನ ಬಿಯರ್ಡ್ಸ್‌ಟೌನ್ ಮಹಿಳೆಯರ ಪ್ರಸಿದ್ಧ ಕ್ಲಬ್ಬು ವರ್ಷಕ್ಕೆ 23.4 ಶೇಕಡ ಗಳಿಸಿದೆ ಎಂದು ಹೇಳಿಕೊಂಡಿತ್ತು. 1998ರಲ್ಲಿ ಲೆಕ್ಕ ಪರಿಶೋಧಿಸಿದಾಗ 1984ರಿಂದ 1993ರವರೆಗಿನ ನಿಜವಾದ ಗಳಿಕೆ 9.1 ಶೇಕಡ ಎಂದು ತಿಳಿಯಿತು. ಸದಸ್ಯೆಯರು ಕಟ್ಟಿದ ಹಣವೂ ಗಳಿಕೆಯೆಂದು ಲೆಕ್ಕಕ್ಕೆ ಬಂದಿತ್ತು.

ಪಾಲುದಾರಿಕೆ ತಾನು ತೆರಿಗೆ ಕಟ್ಟುವುದಿಲ್ಲ, ಆದರೆ ಪ್ರತಿ ವರ್ಷ ಸಾಮಾನ್ಯವಾಗಿ ಮಾರ್ಚ್ 15ರೊಳಗೆ ಪಾಲುದಾರಿಕೆಯ ತೆರಿಗೆ ವಿವರವಾದ ಫಾರ್ಮ್ 1065 ಸಲ್ಲಿಸಿ ಪ್ರತಿಯೊಬ್ಬರಿಗೂ ಅವರವರ ಪಾಲಿನ ಲೆಕ್ಕವಿರುವ ಷೆಡ್ಯೂಲ್ ಕೆ-1 ಕೊಡಬೇಕು. ತಡವಾದರೆ ದಂಡವನ್ನು ತಿಂಗಳಿಗೆ, ಅದೂ ಸದಸ್ಯರ ತಲೆ ಲೆಕ್ಕದಲ್ಲಿ ಹಾಕುತ್ತಾರೆ. ನಿಮ್ಮಲ್ಲಿ ಯಾರಾದರೂ ಅಮೆರಿಕದ ತೆರಿಗೆ ನಿವಾಸಿಯಲ್ಲದಿದ್ದರೆ ಅವರ ಡಿವಿಡೆಂಡ್ ಪಾಲಿನ ಮೇಲೆ ತೆರಿಗೆ ಹಿಡಿದಿಡುವ ಹೊಣೆಯೂ ಕ್ಲಬ್ಬಿನದಾಗುವುದರಿಂದ ಅದನ್ನು ತೆರಿಗೆ ಸಲಹೆಗಾರರಲ್ಲಿ ಮೊದಲೇ ಕೇಳಿ. ನಿರ್ಧಾರಗಳಲ್ಲಿ ಎಲ್ಲರೂ ನಿಜವಾಗಿ ಭಾಗವಹಿಸುವುದೂ ಮುಖ್ಯ; ಹಣ ಹಾಕಿ ಸುಮ್ಮನಿರುವ ಸದಸ್ಯರಿದ್ದರೆ ಕ್ಲಬ್ಬಿನ ಪಾಲನ್ನೇ ಷೇರಿನಂಥ ಹೂಡಿಕೆ ಪತ್ರ (ಸೆಕ್ಯುರಿಟಿ) ಎಂದು ಪರಿಗಣಿಸಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿಯ ನಿಯಮಗಳನ್ನು ಅನ್ವಯಿಸುವ ಸಾಧ್ಯತೆ ಇದೆ.

ಈಗಾಗಲೇ ಸೇರಿರುವ ಹಣದಿಂದ ಏನನ್ನೂ ಕೊಳ್ಳದೆ, ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟು, ಇಐಎನ್ ಬಂದ ಕೂಡಲೇ ಕ್ಲಬ್ಬಿನ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ತೆರೆದು ಅದಕ್ಕೆ ವರ್ಗಾಯಿಸಿ. ಖಾತೆದಾರರಲ್ಲದವರ ಚೆಕ್ಕನ್ನು ಹಲವು ಬ್ರೋಕರ್‌ಗಳು ಸ್ವೀಕರಿಸುವುದಿಲ್ಲವಾದ್ದರಿಂದ ಮುಂದಿನ ತಿಂಗಳುಗಳ ಹಣವೂ ಅದೇ ಬ್ಯಾಂಕ್ ಖಾತೆಯ ಮೂಲಕ ಹೋಗುವುದು ಒಳ್ಳೆಯದು.