ಕರುಳಿನ ಪಾಲಿಪ್ ಹುಡುಕಲು ಕೊಲೊನೋಸ್ಕೋಪಿ ಬದಲು ಎಂಆರ್‌ಐ ಮಾಡಿಸಿದರೆ ಸಾಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ನಿಮ್ಮ ಅಣ್ಣನಿಗೆ 52ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದೆ. ನಿಮಗೀಗ 44. ಕರುಳಿನ ಒಳಗೋಡೆಯಲ್ಲಿ ಬೆಳೆಯುವ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟಿಗೆ ಪಾಲಿಪ್ ಅನ್ನುತ್ತಾರೆ. ಅದನ್ನು ಹುಡುಕಲು ಡಾಕ್ಟರು ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಉದ್ದ ಟ್ಯೂಬ್ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿಕೊಳ್ಳಿ ಅಂದಿದ್ದಾರೆ, ನಿಮಗೆ ಆ ಟ್ಯೂಬ್ ಅಂದರೆ ಭಯ. ಹೋದ ವರ್ಷ ಹೊಟ್ಟೆಯ ಎಂಆರ್‌ಐ ಆಗಿದೆ, ಅದು ನಾರ್ಮಲ್. ಅದೇ ಸಾಕಲ್ವಾ? ಸಾಲದಿದ್ದರೆ ಕರುಳಿಗಂತಲೇ ಇನ್ನೊಂದು ಎಂಆರ್‌ಐ ಮಾಡಿಸಬಹುದಾ?

ಹಳೇ ಎಂಆರ್‌ಐ ಖಂಡಿತ ಸಾಲದು. ಕರುಳಿಗಂತಲೇ ಮಾಡುವ ಎಂಆರ್‌ಐ ಇದೆ, ಆದರೆ ನಿಮ್ಮ ವಿಷಯದಲ್ಲಿ ಅದರ ಹಿಂದೆ ಹೋಗುವುದು ಬೇಡ ಅನ್ನುತ್ತೇನೆ. ನಾನು ಡಾಕ್ಟರಲ್ಲ, ಎಂಆರ್‌ಐ ಟೆಕ್ನಾಲಜಿಸ್ಟ್. ಯಂತ್ರದ ಮೇಲೆ ನನಗೆ ಅಭಿಮಾನ ಇದೆ, ಅದನ್ನು ಬೈಯುವ ಆಸೆ ಏನಿಲ್ಲ.

ಮೊದಲು ಆ ನಾರ್ಮಲ್ ರಿಪೋರ್ಟಿನ ವಿಷಯ. ಸಾಮಾನ್ಯ ಹೊಟ್ಟೆ ಎಂಆರ್‌ಐನಲ್ಲಿ ನಾವು ಕರುಳನ್ನು ಖಾಲಿ ಮಾಡಿಸುವುದಿಲ್ಲ, ಉಬ್ಬಿಸುವುದೂ ಇಲ್ಲ. ಅದು ಮುದುಡಿಕೊಂಡು ಬಿದ್ದಿರುತ್ತದೆ, ಗೋಡೆಗೆ ಗೋಡೆ ಅಂಟಿರುತ್ತದೆ. ಒಳಗೆ ಮಲ, ಗ್ಯಾಸ್. ಸಾಲದ್ದಕ್ಕೆ ಕರುಳು ಸುಮ್ನೆ ಇರುವ ಅಂಗವೂ ಅಲ್ಲ, ಹೊರಳಾಡುತ್ತಲೇ ಇರುತ್ತದೆ, ಚಿತ್ರ ಮಸುಕಾಗುತ್ತದೆ. ಅಂಥ ಕಡೆ 8 ಮಿಲಿಮೀಟರಿನ ಪಾಲಿಪ್ ಇದ್ದರೂ ಗೋಡೆಯ ಮಡಿಕೆಯೋ, ಮಲದ ಚೂರೋ, ಪಾಲಿಪ್ಪೋ ಎಂದು ಹೇಳುವುದು ಹೇಗೆ? ರೇಡಿಯಾಲಜಿಸ್ಟ್ ‘ಕರುಳು ನಾರ್ಮಲ್’ ಎಂದು ಬರೆದರೆ ದೊಡ್ಡ ಗೆಡ್ಡೆ ಕಾಣಲಿಲ್ಲ, ಗೋಡೆ ದಪ್ಪವಾಗಿಲ್ಲ, ಎಲ್ಲೂ ಅಡ್ಡ ಕಟ್ಟಿಲ್ಲ ಎಂದು ಅರ್ಥ. ಪಾಲಿಪ್ ಇಲ್ಲ ಎಂದು ಅರ್ಥವಲ್ಲ. ಇಡೀ ದೇಹದ ಎಂಆರ್‌ಐ ಚೆಕಪ್ ಎಂದು ಜಾಹೀರಾತು ಬರುತ್ತಲ್ಲ, ಕರುಳಿನ ಮಟ್ಟಿಗೆ ಅದಕ್ಕೂ ಇದೇ ಮಾತು. ನನಗೆ ಜಾಸ್ತಿ ಭಯ ಆಗುವುದು ಈ ಹುಸಿ ಸಮಾಧಾನದ್ದೇ.

ಈಗ ಕರುಳಿಗಂತಲೇ ಮಾಡುವ ಎಂಆರ್ ಕೊಲೊನೋಗ್ರಫಿ. ಸಿಟಿ ಸ್ಕ್ಯಾನಿನಲ್ಲಿ ಕರುಳಿನ ಒಳಭಾಗ ನೋಡುವ ವಿಧಾನ 1994ರಲ್ಲಿ ಬಂತು, ಎಂಆರ್‌ಐನಲ್ಲಿ ಅದೇ ಕೆಲಸ ಮಾಡಿ ತೋರಿಸಿದ್ದು 1997ರ ಹೊತ್ತಿಗೆ. ಅಂದರೆ ಇದು ನಿನ್ನೆ ಮೊನ್ನೆಯದಲ್ಲ. ಹಿಂದಿನ ದಿನ ಭೇದಿ ಔಷಧಿ ಕುಡಿದು ಕರುಳು ತೊಳೆದುಕೊಳ್ಳಬೇಕು, ಕೊಲೊನೋಸ್ಕೋಪಿಗೆ ಕುಡಿಯುವ ಹಾಗೆಯೇ. ಭೇದಿ ಔಷಧಿ ಕಡಿಮೆ ಮಾಡಿ, ಊಟದ ಜೊತೆ ಬೇರಿಯಂನಂಥದ್ದನ್ನು ಕೊಟ್ಟು ಮಲವನ್ನು ಗುರುತಿಸುವ ಪ್ರಯೋಗಗಳೂ ನಡೆದಿವೆ. ಯಂತ್ರದ ಮೇಲೆ ಮಲಗಿಸಿದ ಮೇಲೆ ಗುದದ್ವಾರದಿಂದ ಒಂದು ಸಣ್ಣ ಟ್ಯೂಬ್ ಹಾಕಿ ಎರಡು ಲೀಟರ್ ಹತ್ತಿರ ಬೆಚ್ಚಗಿನ ನೀರು ಬಿಡುತ್ತಾರೆ. ನೀರಿನ ಬದಲು ಗಾಳಿಯನ್ನೋ ಕಾರ್ಬನ್ ಡೈಆಕ್ಸೈಡನ್ನೋ ತುಂಬುವುದೂ ಉಂಟು. ಕರುಳಿನ ಹೊರಳಾಟ ನಿಲ್ಲಿಸಲು ಒಂದು ಇಂಜೆಕ್ಷನ್. ಆಮೇಲೆ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್. ಹದಿನೈದಿಪ್ಪತ್ತು ಸೆಕೆಂಡು ಉಸಿರು ಹಿಡಿ, ಬಿಡು, ಮತ್ತೆ ಹಿಡಿ.

ಇದರ ಹಿಂದಿನ ಉಪಾಯ ಮಾತ್ರ ನನಗೆ ತುಂಬಾ ಇಷ್ಟ. ಒಳಗಿನ ನೀರು ಚಿತ್ರದಲ್ಲಿ ಕಪ್ಪಾಗಿ ಕಾಣುವ ಹಾಗೆ ಯಂತ್ರವನ್ನು ಹೊಂದಿಸುತ್ತಾರೆ. ಕಾಂಟ್ರಾಸ್ಟ್ ರಕ್ತದ ಜೊತೆ ಹೋಗಿ ಕರುಳಿನ ಗೋಡೆ ಬೆಳ್ಳಗೆ ಹೊಳೆಯುತ್ತದೆ. ಪಾಲಿಪ್ಪಿಗೂ ರಕ್ತ ಹರಿಯುತ್ತದೆ, ಅದೂ ಹೊಳೆಯುತ್ತದೆ. ಮಲದ ಉಂಡೆಗೆ ರಕ್ತ ಎಲ್ಲಿಂದ ಬರಬೇಕು? ಅದು ಹೊಳೆಯುವುದಿಲ್ಲ. ಕಾಂಟ್ರಾಸ್ಟ್ ಕೊಡುವ ಮೊದಲಿನ ಚಿತ್ರ, ಕೊಟ್ಟ ನಂತರದ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಮಲ, ಯಾವುದು ಗಂಟು ಎಂದು ಗೊತ್ತಾಗುತ್ತದೆ.

ಆದರೆ ಗಮನಿಸಿ. ಟ್ಯೂಬ್ ಬೇಡ ಅಂತ ತಾನೆ ನೀವು ಎಂಆರ್‌ಐ ಕೇಳಿದ್ದು? ಇಲ್ಲೂ ಟ್ಯೂಬ್ ಇದೆ, ಉದ್ದ ಕಡಿಮೆ ಅಷ್ಟೇ. ಭೇದಿ ಔಷಧಿಯೂ ಇದೆ, ಎಲ್ಲರೂ ಶಾಪ ಹಾಕುವುದು ಅದಕ್ಕೇ. ಕೊಲೊನೋಸ್ಕೋಪಿಯಲ್ಲಿ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ, ಎಷ್ಟೋ ಜನರಿಗೆ ಆಮೇಲೆ ಏನೂ ನೆನಪಿರುವುದಿಲ್ಲ. ಎಂಆರ್‌ಐನಲ್ಲಿ ನೀವು ಎಚ್ಚರವಾಗಿರಬೇಕು. ಹೊಟ್ಟೆ ತುಂಬಾ ನೀರು ತುಂಬಿಸಿಕೊಂಡು, ಕಿರಿದಾದ ಸುರಂಗದಲ್ಲಿ, ಆ ಗಡಗಡ ಸದ್ದಿನ ನಡುವೆ, ಹೇಳಿದಾಗ ಉಸಿರು ಹಿಡಿಯಬೇಕು.

ಎಷ್ಟು ಕಾಣುತ್ತದೆ ಎಂದರೆ, 1 ಸೆಂಟಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಪಾಲಿಪ್ ವಿಷಯದಲ್ಲಿ ಚೆನ್ನಾಗಿದೆ. ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2010ರಲ್ಲಿ ಲೆಕ್ಕ ಹಾಕಿದಾಗ ಅಂಥ ಪಾಲಿಪ್ ಇದ್ದವರಲ್ಲಿ ಸುಮಾರು ಶೇ. 88 ಜನರನ್ನು ಅದು ಸರಿಯಾಗಿ ಗುರುತಿಸಿತ್ತು. 6ರಿಂದ 9 ಮಿಲಿಮೀಟರಿನವು ಬಂದಾಗ ಸಾಮರ್ಥ್ಯ ಇಳಿಯುತ್ತದೆ. 5 ಮಿಲಿಮೀಟರಿಗಿಂತ ಸಣ್ಣವು ಮತ್ತು ಗೋಡೆಗೆ ಅಂಟಿಕೊಂಡಂತೆ ಚಪ್ಪಟೆಯಾಗಿ ಬೆಳೆಯುವವು ಹೆಚ್ಚಾಗಿ ತಪ್ಪಿಸಿಕೊಳ್ಳುತ್ತವೆ. ಸಣ್ಣದು ತಪ್ಪಿದರೆ ತಕ್ಷಣ ಅಪಾಯವೇನಿಲ್ಲ, ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು, ಹೆಚ್ಚಿನವು ಆಗುವುದೂ ಇಲ್ಲ. ಆದರೆ ಮನೆಯಲ್ಲೇ ಕ್ಯಾನ್ಸರ್ ಬಂದವರು ಆ ಲೆಕ್ಕವನ್ನು ಪೂರ್ತಿ ನಂಬಿ ಕೂರುವಂತಿಲ್ಲ.

ಇಷ್ಟಕ್ಕೂ ಮುಖ್ಯ ಕೊರತೆ ಕಣ್ಣಿನದಲ್ಲ, ಕೈಯದು. ಎಂಆರ್‌ಐ ನೋಡುತ್ತದೆ, ತೆಗೆಯುವುದಿಲ್ಲ. ಪಾಲಿಪ್ ಕಂಡರೆ ಮತ್ತೆ ಭೇದಿ ಔಷಧಿ ಕುಡಿದು ಕೊಲೊನೋಸ್ಕೋಪಿಗೇ ಹೋಗಬೇಕು. ಕೊಲೊನೋಸ್ಕೋಪಿಯಲ್ಲಿ ಕಂಡದ್ದನ್ನು ಸಾಮಾನ್ಯವಾಗಿ ಅಲ್ಲೇ ತಂತಿಯ ಕುಣಿಕೆ ಹಾಕಿ ಕತ್ತರಿಸಿ ಬಯಾಪ್ಸಿಗೆ ಕಳಿಸುತ್ತಾರೆ. ಹೀಗೆ ತೆಗೆಯುವುದರಿಂದಲೇ ಜೀವ ಉಳಿಯುತ್ತದೆ. ಅಮೆರಿಕದ ನ್ಯಾಷನಲ್ ಪಾಲಿಪ್ ಸ್ಟಡಿಯಲ್ಲಿ ಪಾಲಿಪ್ ತೆಗೆಸಿಕೊಂಡವರನ್ನು ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ ಕರುಳಿನ ಕ್ಯಾನ್ಸರಿನಿಂದ ಆದ ಸಾವು, ಸಾಮಾನ್ಯ ಜನರಲ್ಲಿ ಆಗಬಹುದಾಗಿದ್ದಕ್ಕಿಂತ ಶೇ. 53ರಷ್ಟು ಕಡಿಮೆ ಇತ್ತು ಎಂದು 2012ರಲ್ಲಿ ಪ್ರಕಟಿಸಿದರು.

ರೇಡಿಯೇಷನ್ ಇಲ್ಲ ಎಂಬುದು ಎಂಆರ್‌ಐ ಪರವಾದ ನಿಜವಾದ ಮಾತು. ಆದರೆ ಕೊಲೊನೋಸ್ಕೋಪಿಯಲ್ಲೂ ರೇಡಿಯೇಷನ್ ಇಲ್ಲವಲ್ಲ. ಹಾಗಾಗಿ ಆ ಹೋಲಿಕೆ ನಿಜವಾಗಿ ಇರುವುದು ಸಿಟಿ ಕೊಲೊನೋಗ್ರಫಿ ಜೊತೆಗೆ. ಅಲ್ಲೂ ಕಡಿಮೆ ಡೋಸ್ ಬಳಸುತ್ತಾರೆ, ನೆಲ, ಗಾಳಿ, ಆಕಾಶದಿಂದ ನಮಗೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಸಿಗುವಷ್ಟು. ಸಿಟಿ ಬೇಗ ಮುಗಿಯುತ್ತದೆ, ಚಿತ್ರ ಹೆಚ್ಚು ಸ್ಪಷ್ಟ, ಓದಲು ಪಳಗಿದವರೂ ಹೆಚ್ಚು. ಅದಕ್ಕೇ ಯಾವ ತಪಾಸಣೆ ಯಾರಿಗೆ ಬೇಕು ಎಂದು ಸಲಹೆ ಕೊಡುವ ಅಮೆರಿಕದ ತಜ್ಞರ ಸಮಿತಿ, ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್, 2021ರಲ್ಲಿ ಕೊಟ್ಟ ಪಟ್ಟಿಯಲ್ಲಿ ಐದು ವರ್ಷಕ್ಕೊಮ್ಮೆ ಸಿಟಿ ಕೊಲೊನೋಗ್ರಫಿ ಇದೆ, ಹತ್ತು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಇದೆ, ವರ್ಷಕ್ಕೊಮ್ಮೆ ಮಲದಲ್ಲಿ ರಕ್ತ ಹುಡುಕುವ ಫಿಟ್ ಪರೀಕ್ಷೆ ಇದೆ. ಎಂಆರ್‌ಐ ಇಲ್ಲ. ಆ ಪಟ್ಟಿ ವಿಶೇಷ ಅಪಾಯವಿಲ್ಲದ, 45ರಿಂದ 75 ವಯಸ್ಸಿನ ಸಾಮಾನ್ಯ ಜನರಿಗೆ. ಒಡಹುಟ್ಟಿದವರಿಗೆ 60ರೊಳಗೆ ಬಂದಿದ್ದರೆ 40ಕ್ಕೇ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಶುರು ಮಾಡಿ ಐದು ವರ್ಷಕ್ಕೊಮ್ಮೆ ನೋಡಿಸಬೇಕು ಎನ್ನುವುದು ರೂಢಿಯ ಸಲಹೆ. ನಿಮ್ಮ ಡಾಕ್ಟರು ಅವಸರ ಮಾಡುತ್ತಿಲ್ಲ, ಸ್ವಲ್ಪ ತಡವೇ ಆಗಿದೆ.

ಎಂಆರ್‌ಐ ಕರುಳಿನಲ್ಲಿ ಕೆಲಸಕ್ಕೇ ಬಾರದು ಎಂದು ಮಾತ್ರ ಓದಿಕೊಳ್ಳಬೇಡಿ. ಗುದನಾಳದಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾದ ಮೇಲೆ ಅದು ಗೋಡೆ ದಾಟಿ ಎಷ್ಟು ದೂರ ಹೋಗಿದೆ, ಮೊದಲು ರೇಡಿಯೇಷನ್ ಚಿಕಿತ್ಸೆ ಬೇಕೋ ನೇರ ಆಪರೇಷನ್ನೋ ಎಂದು ತೀರ್ಮಾನಿಸಲು ಎಂಆರ್‌ಐ ಬಿಟ್ಟರೆ ಗತಿಯಿಲ್ಲ ಅನ್ನಬಹುದು. ಕೊಲೊನೋಸ್ಕೋಪ್ ತಲುಪದ ಸಣ್ಣ ಕರುಳಿನಲ್ಲಿ ಕ್ರೋನ್ಸ್ ಎಂಬ ಉರಿಯೂತದ ಕಾಯಿಲೆ ನೋಡಲು, ಪ್ಯೂಟ್ಸ್-ಜೆಗರ್ಸ್ ಎಂಬ ಅನುವಂಶಿಕ ತೊಂದರೆ ಇರುವವರ ಸಣ್ಣ ಕರುಳಿನ ಪಾಲಿಪ್ ಮೇಲೆ ಕಣ್ಣಿಡಲು ಕೂಡ ಅದೇ. ಕೊಲೊನೋಸ್ಕೋಪಿ ಅರ್ಧಕ್ಕೇ ನಿಂತು ಪೂರ್ತಿ ಕರುಳು ನೋಡಲಾಗದಿದ್ದರೆ ಮೊದಲು ಸಿಟಿ, ಅದು ಬೇಡವಾದವರಿಗೆ ಎಂಆರ್ ಕೊಲೊನೋಗ್ರಫಿ, ಇದೂ ಒಪ್ಪುವ ಮಾತೇ. ಪೇಸ್‌ಮೇಕರ್ ಇದ್ದವರು, ಕಿಡ್ನಿ ತೀರಾ ದುರ್ಬಲವಾಗಿರುವವರು ಎಂಆರ್‌ಐಗೆ ಮೊದಲೇ ಅದನ್ನು ಹೇಳಬೇಕು.

ನಿಮ್ಮ ಭಯದ ಬಗ್ಗೆ. ತಪಾಸಣೆಗೆಂದು ಮಾಡುವ ಕೊಲೊನೋಸ್ಕೋಪಿಯಲ್ಲಿ ಕರುಳು ತೂತಾಗುವುದು 10,000 ಜನರಲ್ಲಿ ಸುಮಾರು 3 ಜನಕ್ಕೆ, ದೊಡ್ಡ ರಕ್ತಸ್ರಾವ ಸುಮಾರು 15 ಜನಕ್ಕೆ. ಅಪಾಯ ಸೊನ್ನೆಯಲ್ಲ, ಆದರೆ ನಿಮ್ಮ ಮನಸ್ಸಿನಲ್ಲಿರುವಷ್ಟು ದೊಡ್ಡದೂ ಅಲ್ಲ. ನೋವಿನ ಭಯವಾದರೆ ಮಂಪರಿನ ಇಂಜೆಕ್ಷನ್ ಬಗ್ಗೆ ಮೊದಲೇ ಕೇಳಿ. ನಾಚಿಕೆ ಆದರೆ ಅದನ್ನೂ ಹೇಳಿಬಿಡಿ, ಅಲ್ಲಿರುವವರಿಗೆ ಇದು ದಿನನಿತ್ಯದ ಕೆಲಸ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾಗಿರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಇದು ತಪಾಸಣೆಯ ವಿಷಯವೇ ಅಲ್ಲ, ಈಗಲೇ ತೋರಿಸಿ. ಇನ್ನೊಂದು ಕೆಲಸ ಮಾಡಿ. ನಿಮ್ಮ ಅಣ್ಣನ ಗೆಡ್ಡೆಯ ಮೇಲೆ ಲಿಂಚ್ ಸಿಂಡ್ರೋಮ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಅದು ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ, ಮನೆತನದಲ್ಲಿ ಹರಿಯುವಂಥ ಅನುವಂಶಿಕ ತೊಂದರೆ, ನಿಮಗೂ ಇದ್ದರೆ ಐದು ವರ್ಷವಲ್ಲ, ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಬೇಕಾಗುತ್ತದೆ. ಅಣ್ಣನ ಬಯಾಪ್ಸಿ ರಿಪೋರ್ಟಿನ ಪ್ರತಿ ಸಿಕ್ಕರೆ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಿ.