ಕೇಟರ್‌ಹ್ಯಾಮ್ ಸೆವೆನ್ 420 ಕಿಟ್: ಈಗಲೇ ಹಾಕಿಸಬೇಕಾದ್ದು ಯಾವುದು, ಆಮೇಲೆ ನೋಡಿಕೊಳ್ಳಬಹುದಾದ್ದು ಯಾವುದು

ಇಂಗ್ಲೆಂಡಿನಲ್ಲಿರುವ ನೀವು ಕೇಟರ್‌ಹ್ಯಾಮ್ ಕಂಪನಿಯ ಸೆವೆನ್ 420 ಕಾರಿನ ಕಿಟ್, ಅಂದರೆ ಬಿಡಿಭಾಗಗಳಾಗಿ ಬಂದು ನೀವೇ ಕಟ್ಟಿಕೊಳ್ಳಬೇಕಾದ ಕಾರು, ಆರ್ಡರ್ ಮಾಡಿದ್ದೀರಿ. ಅಗಲ ಕಡಿಮೆಯ ಎಸ್3 ಚಾಸಿ, ಒಂದೇ ಕಾರು ಹಿಡಿಯುವ ಗ್ಯಾರೇಜು. ಯಾವ ಅಪ್‌ಗ್ರೇಡ್ ಆರ್ಡರಿನಲ್ಲೇ ಸೇರಿಸಬೇಕು, ಕಟ್ಟುವಾಗ ಎಡವಟ್ಟಾಗುವುದು ಎಲ್ಲಿ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನ್ನ ಲೆಕ್ಕ ಸರಳ. ಇಂಜಿನ್ನೋ ಡಿಫರೆನ್ಶಿಯಲ್ಲೋ ಹೊರಗೆ ತೆಗೆಯದೆ ಹಾಕಲಾಗದ ಭಾಗಗಳನ್ನು ಈಗಲೇ ಹಾಕಿಸಿ. ನಾಲ್ಕು ಬೋಲ್ಟು ಬಿಚ್ಚಿ ಬದಲಾಯಿಸಬಹುದಾದ್ದೆಲ್ಲ ಕಾರು ರಸ್ತೆಗೆ ಬಂದು ಒಂದೆರಡು ಸಾವಿರ ಮೈಲಿ ಓಡಿದ ಮೇಲೆ ಸಾಕು. ಹಾಗಾಗಿ ಲಿಮಿಟೆಡ್ ಸ್ಲಿಪ್ ಡಿಫ್ (ಒಂದು ಹಿಂಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡುವ ಡಿಫರೆನ್ಶಿಯಲ್) ಬೇಕೆನಿಸಿದರೆ ಅದು ಈಗಲೇ. ಆಮೇಲೆ ಹಾಕಬೇಕೆಂದರೆ ಡ್ರೈವ್‌ಶಾಫ್ಟು, ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಡಿ ಡಿಯಾನ್ ಟ್ಯೂಬು, ಎಲ್ಲ ಮತ್ತೆ ಬಿಚ್ಚಬೇಕು. ಟ್ರ್ಯಾಕಿಗೆ ಹೋಗುವ ಯೋಚನೆ ಇದ್ದರೆ ಡ್ರೈ ಸಂಪ್ (ಆಯಿಲನ್ನು ಇಂಜಿನ್ ಕೆಳಗಿನ ಸಂಪ್ ಎಂಬ ತಟ್ಟೆಯಲ್ಲಿ ಬಿಡದೆ ಬೇರೆ ಟ್ಯಾಂಕಿನಲ್ಲಿಡುವ ವ್ಯವಸ್ಥೆ) ಕೂಡ ಈಗಲೇ. ಸೆವೆನ್‌ನ ಬಾನೆಟ್ ತಗ್ಗು, ಇಂಜಿನ್ ಕೆಳಗೆ ಆಳದ ಸಂಪಿಗೆ ಜಾಗವಿಲ್ಲ. ಅಂಟು ಟಯರಿನಲ್ಲಿ ಉದ್ದ ತಿರುವು ತೆಗೆದುಕೊಂಡಾಗ ಆಯಿಲ್ಲೆಲ್ಲ ಒಂದು ಬದಿಗೆ ಹೋಗಿ, ಪಿಕಪ್ ಪೈಪು ಗಾಳಿ ಎಳೆಯುತ್ತದೆ. ಪ್ರೆಷರ್ ಒಂದೆರಡು ಸೆಕೆಂಡ್ ಬಿದ್ದರೂ ಕ್ರ್ಯಾಂಕಿನ ಬಿಗ್ ಎಂಡ್ ಬೇರಿಂಗು ಹಾಳಾಗಬಹುದು. ರಸ್ತೆಗೆ ಮಾತ್ರ ಅಂದರೆ ಮಾಮೂಲಿ ವೆಟ್ ಸಂಪ್ ಧಾರಾಳ ಸಾಕು. ಹೀಟರ್ ಬೇಕೋ ಬೇಡವೋ ಅನ್ನುವುದನ್ನೂ ಈಗಲೇ ತೀರ್ಮಾನಿಸಿ, ಕೂಲಂಟ್ ಪೈಪುಗಳ ಜೋಡಣೆ ಅದರ ಮೇಲೆ ನಿಂತಿದೆ. ಇಂಗ್ಲೆಂಡಿನ ಚಳಿಗೆ ಹಾಕಿಸಿಕೊಳ್ಳಿ ಅಂತಲೇ ಹೇಳುತ್ತೇನೆ.

ಹೆಚ್ಚು ಪವರ್ ಬೇಕೇ ಅನ್ನುವುದಕ್ಕೆ ಮುಂಚೆ ಈ ಅಂಕಿ ನೋಡಿ. 420 ಅಂದರೆ 2 ಲೀಟರ್ ಫೋರ್ಡ್ ಡ್ಯುರಾಟೆಕ್, 210 ಬಿಎಚ್‌ಪಿ, ತೂಕ ಸುಮಾರು 560 ಕೆ.ಜಿ. ಟನ್ನಿಗೆ 375 ಬಿಎಚ್‌ಪಿ ಬಿತ್ತು. ಇದರಲ್ಲಿ 10 ಕೆ.ಜಿ. ಇಳಿಸಿದರೆ ಸುಮಾರು 4 ಬಿಎಚ್‌ಪಿ ಹೆಚ್ಚಿಸಿದಷ್ಟೇ ಫಲ. ಜೊತೆಗೆ ಬ್ರೇಕಿಗೂ ತಿರುವಿಗೂ ಲಾಭ. 1957ರಲ್ಲಿ ಕಾಲಿನ್ ಚಾಪ್ಮನ್ ಲೋಟಸ್ ಸೆವೆನ್ ತಂದಾಗಲೂ, 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್‌ಗೆ ಬಂದ ಮೇಲೂ ಈ ಕಾರಿನ ಬಂಡವಾಳ ಹಗುರತನವೇ. ಹಾಗಾಗಿ ಹಗುರ ಬ್ಯಾಟರಿ, ಹಗುರ ಸೀಟು ಇವುಗಳ ದುಡ್ಡು ದಂಡವಲ್ಲ.

ಇನ್ನು ಕಟ್ಟುವ ಕೆಲಸ. ಡಬ್ಬಗಳು ಬಂದ ದಿನವೇ ಪ್ಯಾಕಿಂಗ್ ಲಿಸ್ಟ್ ಹಿಡಿದು ಒಂದೊಂದೇ ಚೀಲ ಎಣಿಸಿ. ಏನೋ ಇಲ್ಲ ಅಂತ ಅರ್ಧ ಕೆಲಸದಲ್ಲಿ ಗೊತ್ತಾದರೆ ಇಡೀ ಗ್ಯಾರೇಜು ಕಾಯುತ್ತ ಕೂರುತ್ತದೆ. ಬಿಲ್ಲುಗಳನ್ನೂ ಆಗಲೇ ಒಂದು ಫೈಲಿಗೆ ಸೇರಿಸಿ, ನೋಂದಣಿಗೆ ಬೇಕು. ಟಾರ್ಕ್ ರೆಂಚ್ ಎರಡು ಬೇಕು: 5ರಿಂದ 25 ನ್ಯೂಟನ್ ಮೀಟರಿನದೊಂದು, 20ರಿಂದ 200ರದೊಂದು. ದೊಡ್ಡದರಲ್ಲಿ ಸಣ್ಣ ಬೋಲ್ಟು ಬಿಗಿ ಮಾಡಲು ಹೋಗಿ ಅಲ್ಯೂಮಿನಿಯಂ ಥ್ರೆಡ್ಡು ಕಿತ್ತುಹೋಗುವುದು ತೀರಾ ಮಾಮೂಲು. ಕೈಪಿಡಿಯಲ್ಲಿ ಟಾರ್ಕ್ ಕೊಟ್ಟಲ್ಲೆಲ್ಲ ಅದೇ ಪ್ರಮಾಣ. ಕೊಡದೆ ಇರುವಲ್ಲಿ 8.8 ದರ್ಜೆಯ ಒಣ ಬೋಲ್ಟಿಗೆ ಎಂ8 ಆದರೆ 25, ಎಂ10 ಆದರೆ 50, ಎಂ12 ಆದರೆ 85 ನ್ಯೂಟನ್ ಮೀಟರಿನ ಆಸುಪಾಸು. ಗ್ರೀಸ್ ಸವರಿದ್ದರೆ ಕಾಲು ಭಾಗ ಇಳಿಸಿ. ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವುದು) ಒಂದೇ ಸಲ ಬಳಸುವಂಥದ್ದು. ಬಿಚ್ಚಿದರೆ ಹೊಸದು ಹಾಕಿ. ಬಿಗಿಯಾದ ಮೇಲೆ ನಟ್ಟಿನಾಚೆ ಎರಡು ಥ್ರೆಡ್ಡಾದರೂ ಕಾಣಬೇಕು. ಟಾರ್ಕ್ ಕೊಟ್ಟು ಮುಗಿದ ಬೋಲ್ಟಿನ ಮೇಲೆ ಪೇಂಟ್ ಮಾರ್ಕರಿನಿಂದ ತಲೆಯಿಂದ ಬ್ರಾಕೆಟ್ಟಿನವರೆಗೆ ಒಂದು ಗೆರೆ ಎಳೆಯಿರಿ. ಗೆರೆ ಇಲ್ಲದ್ದು ಬರೀ ಕೈಬಿಗಿ ಅಂತ ನೋಡಿದರೇ ಗೊತ್ತಾಗಬೇಕು.

ಮುಂದಿನ ಸಸ್ಪೆನ್ಶನ್ ಸುಲಭ, ಆದರೆ ಒಂದು ವಿಷಯ ತುಂಬಾ ಜನ ಬಿಡುತ್ತಾರೆ. ಚಕ್ರವನ್ನು ಚಾಸಿಗೆ ಹಿಡಿಯುವ ತೋಳಾದ ವಿಶ್‌ಬೋನಿನ ರಬ್ಬರ್ ಬುಷ್ಷು ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬೋಲ್ಟು ಪೂರ್ತಿ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದಾಗ ಆ ರಬ್ಬರು ತಿರುಚಿಕೊಂಡೇ ಇರುತ್ತದೆ. ಕಾರಿನ ಎತ್ತರ ತಪ್ಪು ತೋರಿಸುತ್ತದೆ, ಬುಷ್ಷು ಬೇಗ ಹರಿಯುತ್ತದೆ. ಆದ್ದರಿಂದ ಇವನ್ನು ಕೈಬಿಗಿಯಲ್ಲೇ ಬಿಟ್ಟು, ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ನಾಲ್ಕಾರು ಅಡಿ ಹಿಂದೆ ಮುಂದೆ ತಳ್ಳಿ, ಆಮೇಲೆ ಟಾರ್ಕ್ ಕೊಡಿ. ಡಿ ಡಿಯಾನ್ ಟ್ಯೂಬನ್ನು ಚಾಸಿಗೆ ಹಿಡಿಯುವ ಹಿಂದಿನ ಎ-ಫ್ರೇಮಿಗೂ ಇದೇ ಮಾತು.

ಇಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಹೊರಗೇ ಜೋಡಿಸಿ ಒಟ್ಟಿಗೆ ಇಳಿಸಬೇಕು. ಅದಕ್ಕೂ ಮುಂಚೆ ಗೇರ್‌ಬಾಕ್ಸಿಗೆ ಆಯಿಲ್ ತುಂಬಿಸಿಬಿಡಿ. ಸೀಟುಗಳ ನಡುವಿನ ಟನಲ್ ಒಳಗೆ ಹೋದ ಮೇಲೆ ಫಿಲ್ಲರ್ ಪ್ಲಗ್ಗಿಗೆ ಕೈ ಸಿಗುವುದು ಕಷ್ಟ. ಮಾಜ್ದಾ 5 ಸ್ಪೀಡ್ ಬಾಕ್ಸಾದರೆ 75ಡಬ್ಲ್ಯು-90, ಜಿಎಲ್-4 ದರ್ಜೆಯ ಆಯಿಲ್. ಡಬ್ಬಿಯ ಮೇಲೆ ಬರೀ ಜಿಎಲ್-5 ಅಂತಿದ್ದರೆ ಬೇಡ, ಅದರಲ್ಲಿರುವ ಗಂಧಕದ ಅಂಶ ಸಿಂಕ್ರೋಗಳ (ಗೇರು ಸಲೀಸಾಗಿ ಬೀಳಿಸುವ ಉಂಗುರಗಳ) ಹಿತ್ತಾಳೆಯನ್ನು ತಿನ್ನಬಹುದು. ಕ್ರೇನಿನ ಜೊತೆಗೆ ಇಂಜಿನ್ನಿನ ವಾಲಿಕೆ ಹೊಂದಿಸುವ ಲೆವೆಲರ್ ಬಾಡಿಗೆಗೆ ತನ್ನಿ. ಗೇರ್‌ಬಾಕ್ಸಿನ ಬಾಲ ಕೆಳಗೆ ವಾಲಿಸಿ ಒಳಗೆ ಬಿಡಬೇಕು, ಒಳಗೆ ಸರಿದಂತೆ ಮಟ್ಟ ಮಾಡುತ್ತ ಬರಬೇಕು. ಚಾಸಿಯ ಮೇಲಿನ ಟ್ಯೂಬುಗಳಿಗೆ ನಲ್ಲಿ ಪೈಪಿಗೆ ಸುತ್ತುವ ಫೋಮು ಸುತ್ತಿ, ಇಲ್ಲದಿದ್ದರೆ ಪೌಡರ್ ಕೋಟ್ ಕೆರೆದುಹೋಗುತ್ತದೆ. ಇಬ್ಬರು ಬೇಕೇ ಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟುಗಳನ್ನು ಸೈಲೆನ್ಸರ್ ಕೂತು, ಬದಿಯ ಶೀಟಿನಿಂದ ಸಮ ಅಂತರ ಬಂದ ಮೇಲೆಯೇ ಬಿಗಿ ಮಾಡಿ.

ನಿಮ್ಮ ತಾಳ್ಮೆ ನಿಜವಾಗಿ ಬೇಕಾಗುವುದು ಡಿಫ್ ಕೂರಿಸುವಾಗ. ಗೇರ್‌ಬಾಕ್ಸಿನಿಂದ ಡಿಫ್‌ಗೆ ಹೋಗುವ ಪ್ರಾಪ್‌ಶಾಫ್ಟ್ ಟನಲ್ಲಿನಲ್ಲಿದೆಯೇ ಅಂತ ಮೊದಲು ನೋಡಿ, ಡಿಫ್ ಕೂತ ಮೇಲೆ ಅದು ಒಳಗೆ ಹೋಗುವುದಿಲ್ಲ. ಫಿಲ್ಲರ್ ಪ್ಲಗ್ ಸಡಿಲವಾಗುತ್ತದೆಯೇ ಅಂತ ನೆಲದ ಮೇಲಿರುವಾಗಲೇ ಪರೀಕ್ಷಿಸಿ. ಆಮೇಲೆ ಟ್ರಾಲಿ ಜಾಕಿಯ ಮೇಲಿಟ್ಟು ಎತ್ತಿ. ಡಿಫ್ ಕಿವಿಗೂ ಚಾಸಿ ಬ್ರಾಕೆಟ್ಟಿಗೂ ನಡುವೆ ಉಳಿಯುವ ಸಂದಿಯನ್ನು ವಾಷರುಗಳಿಂದ ತುಂಬಬೇಕು. ಆ ಸಂದಿ ಹಾಗೇ ಬಿಟ್ಟು ಬೋಲ್ಟು ಬಿಗಿ ಮಾಡಿದರೆ ಬ್ರಾಕೆಟ್ಟು ಒಳಗೆಳೆದುಕೊಂಡು ಬರುತ್ತದೆ, ಮುಂದೆ ವೆಲ್ಡಿನ ಬುಡದಲ್ಲಿ ಬಿರುಕು ಬಿಡುತ್ತದೆ. ಎರಡೂ ಬದಿಯ ಔಟ್‌ಪುಟ್ ಫ್ಲ್ಯಾಂಜಿನಿಂದ ಚಾಸಿ ಟ್ಯೂಬಿಗೆ ಅಳೆದು, ವ್ಯತ್ಯಾಸ 1 ಮಿ.ಮೀ.ಗಿಂತ ಕಡಿಮೆ ಬರುವವರೆಗೆ ವಾಷರು ಆಚೀಚೆ ಮಾಡಿ. ಸಂದಿಯೊಳಗೆ ಬೆರಳು ಹೋಗುವುದಿಲ್ಲ. ಎರಡು ಮೂರು ವಾಷರುಗಳನ್ನು ಗ್ರೀಸಿನಿಂದ ಒಂದಕ್ಕೊಂದು ಅಂಟಿಸಿ, ಮಾಸ್ಕಿಂಗ್ ಟೇಪಿನ ತುದಿಗೆ ಹಚ್ಚಿ ಮೇಲಿನಿಂದ ಇಳಿಬಿಡಿ. ತೂತಿಗೆ ನೇರ ಬಂದಾಗ ಉದ್ದ ಸ್ಕ್ರೂಡ್ರೈವರ್ ತೂರಿಸಿ ಹಿಡಿದು, ಎದುರಿನಿಂದ ಬೋಲ್ಟು ತಳ್ಳಿ. ಕೆಳಗಿನ ಉದ್ದ ಬೋಲ್ಟಿಗೆ ಕಾಪರ್ ಗ್ರೀಸ್ ಸವರಿರಿ, ಅದಕ್ಕೆ ಬೇಕಾದ್ದು ಮೆಲ್ಲನೆ ತಟ್ಟುವುದಷ್ಟೇ. ಸುತ್ತಿಗೆಯಲ್ಲಿ ಬಡಿಯಬೇಕು ಅನ್ನಿಸಿತೆಂದರೆ ಎಲ್ಲೋ ವಾಷರು ಅಡ್ಡ ನಿಂತಿದೆ, ನಿಲ್ಲಿಸಿ ನೋಡಿ.

ಬ್ರೇಕಿಗೆ ಡಾಟ್ 4 ಫ್ಲೂಯಿಡ್. ಗಾಳಿ ತೆಗೆಯುವುದನ್ನು ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ. ಕೂಲಂಟ್ ತುಂಬುವಾಗ ಮೂತಿ ಎತ್ತರದಲ್ಲಿರಲಿ, ಹೀಟರ್ ವಾಲ್ವ್ ತೆರೆದಿರಲಿ, ನಿಧಾನವಾಗಿ ಹೊಯ್ಯಿರಿ. ಗಾಳಿ ಸಿಕ್ಕಿಕೊಂಡರೆ ಗೇಜು ಸುಳ್ಳು ಹೇಳುತ್ತದೆ, ಏಕೆಂದರೆ ಸೆನ್ಸರಿನ ಸುತ್ತ ನೀರೇ ಇರುವುದಿಲ್ಲ. ಮೊದಲ ಸ್ಟಾರ್ಟಿಗೆ ಮುಂಚೆ ಸ್ಪಾರ್ಕ್ ಪ್ಲಗ್ ತೆಗೆದು, ಫ್ಯೂಯೆಲ್ ಪಂಪಿನ ಸಂಪರ್ಕ ತಪ್ಪಿಸಿ, ಹತ್ತು ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ. ಆಯಿಲ್ ಪ್ರೆಷರ್ ಏರಿದ್ದು ಕಣ್ಣಿಗೆ ಕಂಡ ಮೇಲೆಯೇ ಪ್ಲಗ್ ಹಾಕಿ.

ವಿಂಗು (ಮಡ್‌ಗಾರ್ಡು), ದೀಪದ ತೂತು ಕೊರೆಯುವಾಗ ಜೆಲ್‌ಕೋಟ್, ಅಂದರೆ ಫೈಬರಿನ ಮೇಲಿನ ಬಣ್ಣದ ಪದರ, ಚಕ್ಕೆ ಏಳುತ್ತದೆ. ಮಾಸ್ಕಿಂಗ್ ಟೇಪ್ ಹಚ್ಚಿ, ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಬಣ್ಣದ ಪದರ ಕಳೆಯಿರಿ, ಆಮೇಲೆ ಸ್ಟೆಪ್ ಡ್ರಿಲ್.

ನೋಂದಣಿಗೆ ಮುಂಚೆ ಬ್ರಿಟನ್ನಿನಲ್ಲಿ ಪಾಸಾಗಬೇಕಾದ ಐವಿಎ ಪರೀಕ್ಷೆಯಲ್ಲಿ ಹೆಚ್ಚಿನ ಕಾರು ಬೀಳುವುದು ಸಣ್ಣ ವಿಷಯಗಳಿಗೆ. 100 ಮಿ.ಮೀ. ವ್ಯಾಸದ ಚೆಂಡು ತಾಕುವ ಹೊರ ಅಂಚುಗಳೆಲ್ಲ ಕನಿಷ್ಠ 2.5 ಮಿ.ಮೀ. ತ್ರಿಜ್ಯಕ್ಕೆ ದುಂಡಗಿರಬೇಕು. ಅಂಥದೊಂದು ಚೆಂಡು ಹಿಡಿದು ಕಾರಿನ ಸುತ್ತ ಉರುಳಿಸಿ. ತಾಕಿದ ಬೋಲ್ಟ್ ತಲೆಗೆಲ್ಲ ಪ್ಲಾಸ್ಟಿಕ್ ಟೋಪಿ, ಶೀಟಿನ ಅಂಚಿಗೆ ರಬ್ಬರ್ ಟ್ರಿಮ್. ವೈರುಗಳಿಗೆ 300 ಮಿ.ಮೀ. ಒಳಗೆ ಒಂದೊಂದು ಕ್ಲಿಪ್ಪು. ಹಿಂದಿನ ಫಾಗ್ ಲ್ಯಾಂಪು ಒಂದೇ ಇದ್ದರೆ ನಡುವೆ ಅಥವಾ ಬಲಕ್ಕೆ. ನಿಂತಲ್ಲೇ ಅಳೆಯುವ ಶಬ್ದದ ಮಿತಿ 99 ಡೆಸಿಬೆಲ್. ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಇನ್ನೊಂದು, ಸ್ಟೀರಿಂಗ್ ತಿರುಗಿಸಿ ಬಿಟ್ಟರೆ ತಾನಾಗಿ ನೇರಕ್ಕೆ ಮರಳಬೇಕು. ಮೂತಿ ಹಗುರ, ಟಯರಿನ ಗಾಳಿಯೂ ಕಡಿಮೆ ಇರುವ ಸೆವೆನ್ ಇಲ್ಲಿ ಮೊಂಡಾಟ ಮಾಡುತ್ತದೆ. ಪರೀಕ್ಷೆಯ ದಿನ ಮುಂದಿನ ಟಯರಿಗೆ 30 ಪಿಎಸ್‌ಐ ದಾಟಿಸಿ ಹಾಕಿಕೊಂಡು ಹೋದರೆ ಸಾಮಾನ್ಯವಾಗಿ ಪಾಸು. ಮುಗಿದ ಕೂಡಲೇ ಇಳಿಸಿ. ಅಲ್ಲಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ಅರ್ಜಿ ಹಾಕುವಾಗ ವಿ627/1 ಫಾರ್ಮಿನಲ್ಲಿ ಯಾವ ಭಾಗ ಎಲ್ಲಿಂದ ಬಂತು ಅಂತ ತುಂಬಬೇಕು, ಆಗ ಆ ಬಿಲ್ಲಿನ ಫೈಲು.

ಇದೇ ಚರ್ಚೆಯಲ್ಲಿ ಬೆಂಗಳೂರಿನಿಂದ ಒಬ್ಬರು ಇಲ್ಲೂ ಹೀಗೆ ಕಟ್ಟಬಹುದಾ ಅಂದಿದ್ದರು. ನಮ್ಮ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ನೋಂದಾಯಿತ ಕಾರನ್ನು ತಯಾರಕರ ಮೂಲ ವಿವರಕ್ಕೆ ಹೊರತಾಗಿ ಬದಲಾಯಿಸುವಂತಿಲ್ಲ. ಹಳೇ ಕಾರಿನ ಆರ್‌ಸಿ ಇಟ್ಟುಕೊಂಡು ಅದರ ಇಂಜಿನ್ನಿನ ಸುತ್ತ ಬೇರೆ ಚಾಸಿ ಕಟ್ಟುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ.

ನಂಬರ್ ಬಂದ ಮೇಲೆ ಮೊದಲ ಖರ್ಚು ಸೆಟಪ್ಪಿಗೆ. ನಾಲ್ಕು ಮೂಲೆಯ ತೂಕ ನೋಡುವ ಕಡೆ ಹೋಗಿ, ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಟ್ಟು, ಮುಂದಿನ ಆಂಟಿ ರೋಲ್ ಬಾರ್ ಒಂದು ಕಡೆ ಬಿಚ್ಚಿ ಅಳೆಸಿ. ಒಂದು ಮೂಲೆಯ ಸ್ಪ್ರಿಂಗ್ ಏರಿಸಿದರೆ ಆ ಮೂಲೆಗೂ ಅದರ ಕರ್ಣದ ಎದುರು ಮೂಲೆಗೂ ಭಾರ ಹೆಚ್ಚುತ್ತದೆ. ಎರಡೂ ಕರ್ಣದಲ್ಲಿ ಅರ್ಧರ್ಧ ಬರುವವರೆಗೆ ಕಾಲು ಕಾಲು ಸುತ್ತು ಆಡಿಸಬೇಕು. ಹಿಂದಿನ ಎತ್ತರ ಮುಂದಿಗಿಂತ 15 ಮಿ.ಮೀ.ನಷ್ಟು ಜಾಸ್ತಿ ಇರಲಿ. ಮುಂದಿನ ಕ್ಯಾಂಬರ್ (ಚಕ್ರದ ತಲೆ ಒಳಗೆ ವಾಲುವ ಕೋನ) ರಸ್ತೆಗೆ ಮೈನಸ್ ಒಂದೂವರೆ ಡಿಗ್ರಿ ಸಾಕು, ಟೋ (ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವುದು) ಹೆಚ್ಚುಕಡಿಮೆ ನೇರ. ಟಯರಿನ ಗಾಳಿ ತಣ್ಣಗಿರುವಾಗ 18ರಿಂದ 20 ಪಿಎಸ್‌ಐ. ಟಯರ್ ಅಂಗಡಿಯವರು ಅಭ್ಯಾಸದಲ್ಲಿ 32 ಹಾಕಿ ಕಳಿಸುತ್ತಾರೆ. ಇಷ್ಟು ಹಗುರದ ಕಾರಿನಲ್ಲಿ ಆ ಟಯರು ನೆಲಕ್ಕೆ ಸರಿಯಾಗಿ ಕೂರುವುದೇ ಇಲ್ಲ, ಬಿಸಿಯೂ ಏರುವುದಿಲ್ಲ. ಕಾರು ಜಾರುತ್ತದೆ ಅಂತ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬದಲಾಯಿಸಲು ಹೊರಡುವವರು ಮೊದಲು ಗೇಜು ಹಿಡಿದು ನೋಡಬೇಕು.

ಮೊದಲ 50 ಮೈಲಿಗೆ ವೀಲ್ ನಟ್ಟುಗಳು, 500 ಮೈಲಿಗೆ ಸಸ್ಪೆನ್ಶನ್, ಡಿಫ್, ಸ್ಟೀರಿಂಗ್ ಜಾಯಿಂಟಿನ ಬೋಲ್ಟುಗಳು ಮತ್ತೆ ಟಾರ್ಕ್ ನೋಡಿ. ಗೇರ್ ಬದಲಿಸುವಾಗ ಕಾರಿನ ಹಿಂಬದಿಯಿಂದ ಠಕ್ ಅನ್ನುವ ಸದ್ದು ಬಂದರೆ ಎ-ಫ್ರೇಮ್ ಬುಷ್ಷಿನಿಂದ ಹುಡುಕಾಟ ಶುರು ಮಾಡಿ.

ಆಮೇಲೆ ಬೇಕೆನಿಸಿದರೆ ಬ್ರೇಕ್ ಪ್ಯಾಡು, ಅದಾದ ಮೇಲೆ ಡ್ಯಾಂಪರು. ದೊಡ್ಡ 4 ಪಿಸ್ಟನ್ ಕ್ಯಾಲಿಪರಿಗೆ ಕೂಡಲೇ ಹಾರಬೇಡಿ. ಅದಕ್ಕೆ ಹೆಚ್ಚು ಫ್ಲೂಯಿಡ್ ಬೇಕು, ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದರೆ ಪೆಡಲ್ಲು ಉದ್ದಕ್ಕೆ ಹೋಗುತ್ತದೆ, ಬ್ರೇಕಿನ ಪಾಲು ಮುಂದಕ್ಕೆ ಸರಿದು ಹಿಂದಿನ ಚಕ್ರ ಸುಮ್ಮನಿರುತ್ತದೆ. ಕ್ಯಾಮ್, ಥ್ರಾಟಲ್ ಬಾಡಿ, ಇಸಿಯು ಮ್ಯಾಪ್ ಎಲ್ಲ ಕಟ್ಟಕಡೆಗೆ. ಸೆವೆನ್‌ನ ಮೈಕಟ್ಟು ಗಾಳಿಗೆ ಎದೆಯೊಡ್ಡಿ ನಿಂತಂತೆ ಇರುವುದರಿಂದ, 100 ಮೈಲಿ ವೇಗದ ಮೇಲೆ ಸೇರಿಸಿದ ಪವರಿನ ಬಹುಪಾಲನ್ನು ಗಾಳಿಯೇ ನುಂಗುತ್ತದೆ. ಜೊತೆಗೆ ಸದ್ದು ಏರುತ್ತದೆ, ಬ್ರಿಟನ್ನಿನ ಟ್ರ್ಯಾಕುಗಳಲ್ಲಿ ಒಳಗೆ ಬಿಡುವ ಮುಂಚೆಯೇ ಮೀಟರ್ ಹಿಡಿಯುತ್ತಾರೆ. ಥ್ರಾಟಲ್ ಬಾಡಿಗೆ ದುಡ್ಡು ಕೊಡುವ ಮುಂಚೆ ನೀವು ಹೋಗಬೇಕೆಂದಿರುವ ಟ್ರ್ಯಾಕಿನ ಡೆಸಿಬೆಲ್ ಮಿತಿ ಎಷ್ಟು ಅಂತ ವಿಚಾರಿಸಿಕೊಳ್ಳಿ.