ಟೀಚರ್ ಹತ್ರ ಕೇಳಿ: ಬೆಂಗಳೂರಿನ ಮಂತ್ರಿ ಗೊತ್ತು, ವಾರ್ಡ್ ಮೆಂಬರ್ ಗೊತ್ತಿಲ್ಲ

ಪ್ರಶ್ನೆ: ಟೀಚರ್, ನನ್ನ ಮಗ ಪ್ಲಸ್ ವನ್ (ಹನ್ನೊಂದನೇ ಕ್ಲಾಸ್). ಹತ್ತರವರೆಗೆ ಕನ್ನಡ ಮೀಡಿಯಂ. ಸೋಶಿಯಲ್‌ನಲ್ಲಿ ಎ ಪ್ಲಸ್ ಬಂದಿದೆ. ಆದರೆ ರಾಜಕೀಯ ಅಂದರೆ ಮೂಗು ಮುರಿಯುತ್ತಾನೆ. 'ಎಲ್ಲಾ ಕಳ್ಳರು. ಹದಿನೆಂಟಾದ ಮೇಲೂ ನಾನು ಓಟು ಹಾಕುವುದಿಲ್ಲ' ಅನ್ನುತ್ತಾನೆ. ಇವನ ಅಪ್ಪ ಎಲೆಕ್ಷನ್‌ಗೆ ಮನೆ ಮನೆ ತಿರುಗಿದವರು. ಅವರಿಗೆ ಇದು ಕೇಳಿದರೆ ಸಿಟ್ಟು ನೆತ್ತಿಗೇರುತ್ತದೆ. ರಾತ್ರಿ ಊಟಕ್ಕೆ ಕೂತರೆ ಜಗಳವೇ. ಏನು ಮಾಡಲಿ?
– ಒಬ್ಬ ತಾಯಿ, ಪೆರ್ಲ

ಉತ್ತರ: ಅಮ್ಮಾ, ಮೊದಲು ಒಂದು ಹೇಳಿ. ಸಂಜೆ ನಿಮ್ಮ ಮನೆಯ ಟಿವಿಯಲ್ಲಿ ಓಡುವುದು ಯಾವ ಚಾನೆಲ್? ಬೆಂಗಳೂರಿನ ಕನ್ನಡ ನ್ಯೂಸ್ ಇರಬೇಕು ಅಂತ ನನ್ನ ಅಂದಾಜು. ನಮ್ಮ ಕಾಸರಗೋಡಿನ ಕಡೆ ಹೆಚ್ಚಿನ ಮನೆಗಳಲ್ಲಿ ಅದೇ. ತಪ್ಪೇನಿಲ್ಲ, ನಮ್ಮ ಭಾಷೆ ಅಲ್ವಾ. ಆದರೆ ಇದರಿಂದ ಏನಾಗುತ್ತದೆ ನೋಡಿ. ಕರ್ನಾಟಕದಲ್ಲಿ ಯಾವ ಮಂತ್ರಿಗೂ ಯಾವ ಮಂತ್ರಿಗೂ ಆಗಿಬರುವುದಿಲ್ಲ ಅಂತ ನಮ್ಮ ಮಕ್ಕಳಿಗೆ ಬಾಯಿಪಾಠ. ಅಲ್ಲಿ ಅವರಿಗೆ ಓಟಿಲ್ಲ. ಓಟಿರುವುದು ಕೇರಳದಲ್ಲಿ, ಇಲ್ಲಿನ ಸುದ್ದಿ ಮಲಯಾಳ ಚಾನೆಲ್‌ನಲ್ಲಿ ಬರುತ್ತದೆ. ಅದನ್ನು ಯಾರೂ ಹಾಕುವುದಿಲ್ಲ.

ನಾನು ಕ್ಲಾಸಿನಲ್ಲಿ ಒಮ್ಮೆ ಕರ್ನಾಟಕದ ಮುಖ್ಯಮಂತ್ರಿ ಯಾರು ಅಂತ ಕೇಳಿದೆ. ಎಲ್ಲರೂ ಕೈ ಎತ್ತಿದರು. ನಿಮ್ಮ ವಾರ್ಡಿನ ಮೆಂಬರ್ ಯಾರು ಅಂದೆ. ಕ್ಲಾಸ್ ಗಪ್‌ಚುಪ್. ಒಬ್ಬ ಹುಡುಗಿಯ ಚಿಕ್ಕಮ್ಮನೇ ಮೆಂಬರ್ ಆಗಿದ್ದರು. ಅವರು ಏನು ಮಾಡುತ್ತಾರೆ ಅಂದರೆ, 'ಮೀಟಿಂಗಿಗೆ ಹೋಗ್ತಾರೆ ಟೀಚರ್' ಅಂದಳು. ಅಷ್ಟೇ ಅವಳಿಗೆ ಗೊತ್ತಿದ್ದದ್ದು!

ಹಾಗಾಗಿ ನಿಮ್ಮ ಮಗನಿಗೆ ಆಸಕ್ತಿ ಇಲ್ಲ ಅಂತ ನನಗೆ ಅನಿಸುವುದಿಲ್ಲ. ಆಸಕ್ತಿ ಇಲ್ಲದವನು ಊಟ ಬಿಟ್ಟು ಜಗಳ ಮಾಡುತ್ತಾನಾ? ಅವನು ನೋಡಿದ ರಾಜಕೀಯದಲ್ಲಿ ಬೈಗುಳ ಇದೆ, ಕೆಲಸ ಕಾಣುವುದಿಲ್ಲ. ಎ ಪ್ಲಸ್ ಬಂದದ್ದು ಲೋಕಸಭೆಗೆ ಎಷ್ಟು ಸೀಟು, ರಾಜ್ಯಸಭೆಗೆ ಎಷ್ಟು ವರ್ಷ ಅಂತ ಬರೆದದ್ದಕ್ಕೆ. ಪೆರ್ಲದ ರಸ್ತೆಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಯಾವ ಪೇಪರಿನಲ್ಲೂ ಕೇಳುವುದಿಲ್ಲ.

ಮುಂದಿನ ಗ್ರಾಮಸಭೆಗೆ ಅವನನ್ನು ಕರೆದುಕೊಂಡು ಹೋಗಿ. ನೀವೇ ಹೋಗಿ, ಅಪ್ಪ ಬೇಡ. (ಅಪ್ಪ ಬಂದರೆ ಅದು ಪಾರ್ಟಿ ಮೀಟಿಂಗ್ ಆಗಿಬಿಡುತ್ತದೆ.) ನಮ್ಮ ಕೇರಳದಲ್ಲಿ ಗ್ರಾಮಸಭೆ ಅಂದರೆ ವಾರ್ಡಿನ ಮತದಾರರೆಲ್ಲ ಸೇರಿದ ಸಭೆ. 1994ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಕರೆಯುವ ಜವಾಬ್ದಾರಿ ಮೆಂಬರ್‌ದು. ಮತದಾರರಲ್ಲಿ ಹತ್ತಕ್ಕೆ ಒಬ್ಬರಾದರೂ ಬಂದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ. ಮನೆ ಕಟ್ಟಲು ಯಾರಿಗೆ ಸಹಾಯ, ಯಾರಿಗೆ ಹಸು, ಯಾರಿಗೆ ತೆಂಗಿನ ಗೊಬ್ಬರ, ಎಲ್ಲದರ ಪಟ್ಟಿ ಅಲ್ಲಿಗೆ ಬರುತ್ತದೆ. ಮಗನಿಗೆ ಅಲ್ಲಿ ಕೈ ಎತ್ತುವ ಹಕ್ಕಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ನೋಡಲಿ. ಪಕ್ಕದ ಮನೆಯ ಅಜ್ಜಿ ಎದ್ದು ನಿಂತು 'ನನ್ನ ಹೆಸರು ಯಾಕೆ ಬಿಟ್ಟಿರಿ' ಅಂತ ಮೆಂಬರನ್ನು ಕೇಳುವುದನ್ನು ಅವನು ಒಮ್ಮೆ ನೋಡಬೇಕು. ಸಭೆ ಬೋರ್ ಹೊಡೆಸುತ್ತದೆ, ಅದನ್ನು ಮೊದಲೇ ಹೇಳಿಬಿಡಿ.

'ಒಂದು ಓಟಿನಿಂದ ಏನಾಗುತ್ತದೆ' ಅಂದರೆ ದೂರ ಹೋಗುವುದು ಬೇಡ. ನಿಮ್ಮ ಎಣ್ಮಕಜೆ ಪಂಚಾಯತ್ ಬರುವುದು ಮಂಜೇಶ್ವರ ವಿಧಾನಸಭಾ ಕ್ಷೇತ್ರಕ್ಕೆ. 2016ರಲ್ಲಿ ಅಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 89 ಓಟು. ಪೆರ್ಲ ಪೇಟೆಯಿಂದ ಸಂಜೆ ಹೊರಡುವ ಬಸ್ಸಿನಲ್ಲಿ ನೇತಾಡುವವರನ್ನೂ ಸೇರಿಸಿದರೆ ಅಷ್ಟು ಜನ ಸಿಗುತ್ತಾರೆ. 2021ರಲ್ಲಿ 745. ಆ ಸಲ ಗೆದ್ದ ಎ. ಕೆ. ಎಂ. ಅಶ್ರಫ್ ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣ ವಚನ ತೆಗೆದುಕೊಂಡರು. ಪಾರ್ಟಿ ಯಾವುದೇ ಇರಲಿ, ಇದು ಮಗನಿಗೆ ಗೊತ್ತಾ ಕೇಳಿ ನೋಡಿ.

'ಯಾರು ಬಂದರೂ ಅಷ್ಟೇ' ಅಂತಲೂ ಅನ್ನುತ್ತಾನೆ, ಅಲ್ವಾ? ನಿಮ್ಮ ಪಂಚಾಯತಿನಲ್ಲೇ ಪಡ್ರೆ ಇದೆ. ಸರ್ಕಾರಿ ಗೇರು ತೋಟಕ್ಕೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅಲ್ಲಿನ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ರೋಗಿಗಳನ್ನು ನೋಡಿ, ಇದಕ್ಕೆ ಈ ವಿಷವೇ ಕಾರಣವಾ ಅಂತ ಅನುಮಾನಪಟ್ಟರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಅತ್ತ ಪೆರಿಯದಲ್ಲಿ ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ (ಕಾಞಂಗಾಡ್) ಮುನ್ಸಿಫ್ ಕೋರ್ಟಿಗೆ ಹೋದರು. ಇವರಲ್ಲಿ ಯಾರೂ ಮಂತ್ರಿಯಲ್ಲ, ಎಂಎಲ್‌ಎ ಅಲ್ಲ. ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅನ್ವಯಿಸುವ ಹಾಗೆ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಆದೇಶ ಬಂತು. ಆ ದುಡ್ಡಿಗಾಗಿ ಎಷ್ಟೋ ತಾಯಂದಿರು ಆಮೇಲೂ ಅಲೆದಾಡಬೇಕಾಯಿತು. ಅದನ್ನೂ ಮುಚ್ಚಿಡಬೇಡಿ. ಅರ್ಧ ಹೇಳಿದರೆ ಈ ವಯಸ್ಸಿನವರು ತಟ್ಟನೆ ಹಿಡಿಯುತ್ತಾರೆ.

ಇನ್ನು ಅಪ್ಪ. 'ಎಲ್ಲಾ ಕಳ್ಳರು' ಅಂದಾಗ ಅವರು ತನ್ನನ್ನೇ ಅಂದ ಹಾಗೆ ತೆಗೆದುಕೊಳ್ಳುತ್ತಾರೆ ಅಂತ ಕಾಣುತ್ತದೆ. ಬಿಸಿಲಲ್ಲಿ ತಿರುಗಿದವರಿಗೆ ನೋವಾಗುವುದೇ. ಆದರೂ ಭಾಷಣ ಬೇಡ ಅಂತ ಹೇಳಿ. 'ಯಾರು, ಏನು ಮಾಡಿದರು' ಅಂತ ಸುಮ್ನೆ ಕೇಳಲಿ. ನಮ್ಮ ಮಲಬಾರಿನಲ್ಲಿ ಪ್ಲಸ್ ವನ್ ಸೀಟಿಗೆ ಪ್ರತಿ ಜೂನ್‌ನಲ್ಲೂ ಪರದಾಟ. ನಿಮ್ಮ ಮಗ ಅಲಾಟ್‌ಮೆಂಟ್ ಪಟ್ಟಿ ಕಾಯುತ್ತಾ ಕೂತವನೇ ಅಲ್ವಾ? ಅವನ ಸಿಟ್ಟಿನ ಬೇರು ಅಲ್ಲೇ ಎಲ್ಲೋ ಇದ್ದರೂ ಇರಬಹುದು. ಹಾಗಿದ್ದರೆ ಅಪ್ಪನಿಗೂ ಮಗನಿಗೂ ಜಗಳ ಆಡಲು ವಿಷಯವೇ ಇಲ್ಲ. ಇಬ್ಬರದೂ ಒಂದೇ ದೂರು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಸ್ಕೂಲ್ ಲೀಡರ್ ಎಲೆಕ್ಷನ್ ಆಯಿತು. ಬ್ಯಾಲೆಟ್ ಪೇಪರ್, ಬೆರಳಿಗೆ ಶಾಯಿ ಎಲ್ಲ ಇತ್ತು. ಆದರೆ ಯಾರು ನಿಲ್ಲಬೇಕು ಅಂತ ಮೊದಲೇ ಟೀಚರ್‌ಗಳು ತೀರ್ಮಾನ ಮಾಡಿದ್ದರು. ಜಾಸ್ತಿ ಮಾರ್ಕಿನವರು ಮಾತ್ರ. ಇದು ಸರಿಯಾ?
– ಒಂಬತ್ತನೇ ಕ್ಲಾಸ್, ಕುಂಬಳೆ

ಉತ್ತರ: ಸರಿಯಲ್ಲ ಮಗಾ. ಗಣಿತದಲ್ಲಿ ಕಡಿಮೆ ಬಂದವನು ನಳ್ಳಿಯಲ್ಲಿ ನೀರು ಬರುವುದಿಲ್ಲ ಅಂತ ಹೇಳಬಾರದಾ? ಆದರೆ ನನಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಗೆದ್ದವರು ಆಮೇಲೆ ಏನು ಮಾಡುತ್ತಾರೆ? ಅಸೆಂಬ್ಲಿಯಲ್ಲಿ 'ಅಟೆನ್ಷನ್' ಅನ್ನುತ್ತಾರೆ, ಬ್ಯಾಡ್ಜ್ ಹಾಕುತ್ತಾರೆ, ಮುಗಿಯಿತು. ಈಗ ಗೆದ್ದಿರುವ ಲೀಡರ್ ಹತ್ತಿರ ಹೋಗು. ನಿಮ್ಮ ಕ್ಲಾಸಿನ ಒಂದೇ ಒಂದು ಬೇಡಿಕೆ ಬರೆದು ಕೊಡು. ಅದನ್ನು ಪಿಟಿಎ (ಹೆತ್ತವರು–ಟೀಚರ್‌ಗಳ ಸಂಘ) ಮೀಟಿಂಗಿನಲ್ಲಿ ಓದಲು ಬಿಡಿ ಅಂತ ಹೆಡ್ಮಾಷ್ಟ್ರನ್ನು ಕೇಳಿ. ಹೆಣ್ಣುಮಕ್ಕಳ ಟಾಯ್ಲೆಟ್ ಬಾಗಿಲಿನ ಚಿಲಕದ ಹಾಗಿನ ಸಣ್ಣ ವಿಷಯ ಇದ್ದರೆ ಒಳ್ಳೆಯದು. ಆದೀತೋ ಇಲ್ಲವೋ ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ನನಗೆ 17 ತುಂಬಿದೆ. ವೋಟರ್ ಲಿಸ್ಟಿಗೆ ಈಗಲೇ ಹೆಸರು ಕೊಡಬಹುದಾ? ಪಂಚಾಯತಿಗೆ ಕನ್ನಡದಲ್ಲಿ ಅರ್ಜಿ ಬರೆದರೆ ತೆಗೆದುಕೊಳ್ಳುತ್ತಾರಾ?
– ಮುಳ್ಳೇರಿಯ

ಉತ್ತರ: ಕೊಡಬಹುದು, ಮುಂಗಡವಾಗಿ. ಫಾರ್ಮ್ 6 ತುಂಬು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಇವುಗಳಲ್ಲಿ ಯಾವ ತಾರೀಕಿಗೆ ನಿನಗೆ 18 ಆಗಿರುತ್ತದೋ ಆಗ ಸೇರಿಸುತ್ತಾರೆ. ಪಂಚಾಯತ್ ಚುನಾವಣೆಯ ಪಟ್ಟಿ ಬೇರೆ, ಅದನ್ನು ಮಾಡುವುದು ರಾಜ್ಯ ಚುನಾವಣಾ ಆಯೋಗ. ಒಂದರಲ್ಲಿ ಹೆಸರಿದೆ ಅಂತ ಇನ್ನೊಂದನ್ನು ಮರೆಯಬೇಡ.

ಕನ್ನಡದಲ್ಲಿ ಧಾರಾಳವಾಗಿ ಬರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲೇ ಇದೆ. ಕೌಂಟರಿನಲ್ಲಿ 'ಮಲಯಾಳದಲ್ಲಿ ಬರೆದು ತಾ' ಅಂದರೆ ಈ ಕಾಯ್ದೆಯ ಹೆಸರು ಮೆಲ್ಲ ಹೇಳು. ಅರ್ಜಿ ಕೊಟ್ಟ ರಶೀದಿ ತೆಗೆದುಕೊಳ್ಳದೆ ಬರಬೇಡ.